ಗೌರವ್ವನ ಮಾತು

ಕುಬಿಹಾಳದ ಶಿದ್ಲಿಂಗಪ್ಪನನ್ನು ಊರಿನ ಹಿರಿಯರು ಇವತ್ತಿಗೂ ಗೌರವ್ವ ಎಂದೇ ಕರೆಯುತ್ತಾರೆ. ಕುರಿಗಳ ಹಿಂದೆ ಬಿಸಿಲಲ್ಲಿ ತಿರುಗಿ ಕರ್ರಗಾದ, ಹೆಗಲ ಮೇಲೆ ಕಂಬಳಿ ಹಾಕುವ, ಪೊದೆ ಮೀಸೆಯ ಈ ಮುದುಕನಿಗೆ ಹೆಂಗಸಿನ ಹೆಸರು ಅಂಟಿಕೊಂಡದ್ದು ಅವನು ಹರೆಯದಲ್ಲಿ ಬರೆದ ಒಂದೇ ಒಂದು ನಾಟಕದಿಂದ. 'ಸಾಧ್ವಿ ಗೌರವ್ವ' ಅರ್ಥಾತ್ 'ಪತಿಯ ಪಾದ' ಎಂದು ಅದರ ಹೆಸರು. ಆಗೆಲ್ಲ ಹಳ್ಳಿಯ ನಾಟಕಕ್ಕೆ ಹೆಣ್ಣುಮಕ್ಕಳು ಬರುತ್ತಿರಲಿಲ್ಲ. ಶಿದ್ಲಿಂಗಪ್ಪನೇ ಮೀಸೆ ಬೋಳಿಸಿ, ಹಸಿರು ಇಳಕಲ್ ಸೀರೆ ಉಟ್ಟು, ಕೈತುಂಬ ಬಳೆ ಹಾಕಿಕೊಂಡು ಗೌರವ್ವನಾದ.

ಆ ನಾಟಕದಲ್ಲಿ ಒಂದು ಸೀನು ಬರುತ್ತದೆ. ಗಂಡ ವೀರನಗೌಡ ಯಾರದೋ ಚಾಡಿಮಾತು ಕೇಳಿ ಎತ್ತು ಹೊಡೆಯುವ ಬಾರಕೋಲು ತೆಗೆದುಕೊಂಡು ಹೆಂಡತಿಯನ್ನು ಹೊಡೆಯುತ್ತಾನೆ. ಹೊಡೆದು ಹೊಡೆದು ದಣಿದು ನಿಂತಾಗ ಗೌರವ್ವ ತೆವಳಿಕೊಂಡು ಬಂದು ಅವನ ಪಾದ ಹಿಡಿದು, "ನನ್ನ ಹೊಡೆದು ನಿಮ್ಮ ಕೈ ನೊಂದಿತೇನ್ರೀ?" ಎಂದು ಕೇಳುತ್ತಾಳೆ. ಶಿದ್ಲಿಂಗಪ್ಪ ಆ ಮಾತನ್ನು ಎಂಥ ದನಿಯಲ್ಲಿ ಅನ್ನುತ್ತಿದ್ದನೆಂದರೆ, ಆಟ ನೋಡಲು ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಮರುದಿನ ಕೆಲವರು ಮನೆಗೆ ಬಂದು ಅವನ ಕಾಲಿಗೆ ನಮಸ್ಕಾರ ಮಾಡಿ ಹೋದದ್ದೂ ಉಂಟು. ಸುತ್ತಲಿನ ಊರುಗಳಲ್ಲೆಲ್ಲ ಆ ಮಾತು ಗಾದೆಯಷ್ಟು ಬಳಕೆಗೆ ಬಂತು. ಹೊಲದಲ್ಲಿ ಯಾರಾದರೂ ಕುಡುಗೋಲಿನಿಂದ ಬೆರಳು ಕೊಯ್ದುಕೊಂಡರೆ, ಕೈ ನೊಂದಿತೇನ್ರೀ ಎಂದು ಬಾಜೂ ಹೊಲದವರು ಗೌರವ್ವನ ದನಿ ಮಾಡಿ ನಗಿಸುತ್ತಿದ್ದರು.

ಶಿದ್ಲಿಂಗಪ್ಪನ ಹೆಂಡತಿ ಸಾವಂತ್ರೆವ್ವನಿಗೂ ಆ ನಾಟಕ ತಂದ ಹೆಸರಿನಲ್ಲಿ ಪಾಲಿತ್ತು. ಮದುವೆಯಾದ ಹೊಸತರಲ್ಲಿ ಅವಳು ಗಂಡನಿಗೆ ಹೇಳದೆ ಓಣಿಯ ಹೆಂಗಸರ ಜೊತೆ ಕುಂದಗೋಳಕ್ಕೆ ಸಿನಿಮಾ ನೋಡಲು ಹೋಗಿದ್ದಳು. ತಿರುಗಿ ಬಂದಾಗ ಶಿದ್ಲಿಂಗಪ್ಪ ಬಾರಕೋಲಿನಿಂದ ಹೊಡೆದಿದ್ದ. ಇದು ಓಣಿಗೆಲ್ಲ ಗೊತ್ತಿದ್ದ ಮಾತು. ನಾಲ್ಕೈದು ವರ್ಷದ ಮೇಲೆ ನಾಟಕ ಬಂದಾಗ ಮಂದಿ ಅದನ್ನೂ ಇದನ್ನೂ ಕೂಡಿಸಿಬಿಟ್ಟರು. ಹೊಡೆಸಿಕೊಂಡ ಹೆಂಡತಿ ಗಂಡನ ಪಾದ ಹಿಡಿದಳಂತೆ, ಅದನ್ನು ಕಂಡು ಕರಗಿ ಗಂಡ ನಾಟಕ ಬರೆದನಂತೆ. ಖರೇ ಗೌರವ್ವ ಅಂದರೆ ಇವಳೇ ಎಂದು ಹೆಂಗಸರು ಅವಳನ್ನು ಹೊಸ ಸೊಸೆಯಂದಿರಿಗೆ ತೋರಿಸುತ್ತಿದ್ದರು. ಸಾವಂತ್ರೆವ್ವ ಇಲ್ಲವೆನ್ನಲಿಲ್ಲ. ಹೂಂ ಅನ್ನುತ್ತ ಅನ್ನುತ್ತ ನಲವತ್ತು ವರ್ಷ ಕಳೆದಿದ್ದಳು.

ಈ ವರ್ಷ ಕಡಲೆ, ಜೋಳದ ಸುಗ್ಗಿ ಮುಗಿಯುತ್ತಲೇ ಊರಿನ ಹುಡುಗರು ಹೋಳಿ ಹುಣ್ಣಿಮೆಗೆ ಆ ನಾಟಕವನ್ನು ಮತ್ತೆ ಆಡಬೇಕೆಂದು ಎದ್ದರು. ಅವರ ಮುಂದಾಳು ಬೀರೇಶ, ಶಿದ್ಲಿಂಗಪ್ಪನ ಅಣ್ಣನ ಮೊಮ್ಮಗ. ಗೌರವ್ವನ ಪಾತ್ರಕ್ಕೆ ಹುಬ್ಬಳ್ಳಿಯಿಂದ ಸುವರ್ಣಾ ಎಂಬ ಕಲಾವಿದೆಯನ್ನು ಗೊತ್ತು ಮಾಡಿದರು. ವೀರನಗೌಡನ ಪಾತ್ರ ಶಿದ್ಲಿಂಗಪ್ಪನ ಮಗ ಮಾಂತೇಶನಿಗೆ ಬಂತು. ನಾಟಕದ ಹಳೆಯ ಪ್ರತಿ ಎಂದೋ ಗೆದ್ದಲಿನ ಪಾಲಾಗಿತ್ತು. ಆದರೆ ಮುದುಕನಿಗೆ ಎಲ್ಲ ಬಾಯಿಪಾಠ. ಅವನು ಹೇಳುವುದು, ಸೊಸೆ ಅನ್ನಪೂರ್ಣಾ ಬರೆದುಕೊಳ್ಳುವುದು ಎಂದಾಯಿತು. ಅನ್ನಪೂರ್ಣಾ ಮೊರಬದ ಹುಡುಗಿ, ಬಿ.ಎ. ಓದಿದವಳು, ಅಕ್ಷರ ದುಂಡಗೆ.

ಮೊದಲ ವಾರ ಮನೆಯಲ್ಲಿ ಹಬ್ಬದ ಕಳೆಯಿತ್ತು. ಮಧ್ಯಾಹ್ನ ಊಟವಾದ ಮೇಲೆ ಶಿದ್ಲಿಂಗಪ್ಪ ಪಡಸಾಲೆಯ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಒಂದೊಂದೇ ಪಾತ್ರದ ದನಿಯಲ್ಲಿ ಹೇಳುತ್ತಿದ್ದ. ಅನ್ನಪೂರ್ಣಾ ಬರೆಯುತ್ತಿದ್ದಳು. ಸಾವಂತ್ರೆವ್ವ ಬಾಜೂ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತ ಕೇಳುತ್ತಿದ್ದಳು. ಗೌರವ್ವನ ಮಾತು ಬಂದಾಗ ಮುದುಕನ ಗಂಟಲು ತಾನೇ ಸಣ್ಣಗಾಗುತ್ತಿತ್ತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು.

ಆಮೇಲೆ ಒಂದು ಬೆಳಿಗ್ಗೆ ಹೀಗಾಯಿತು. ವಾರದಿಂದ ಬಾರದಿದ್ದ ನಳದ ನೀರು ಅವತ್ತು ಬಂದಿತ್ತು. ಅನ್ನಪೂರ್ಣಾ ಕೊಡದ ಮೇಲೆ ಕೊಡ ತುಂಬುವುದರಲ್ಲಿದ್ದಳು, ರೊಟ್ಟಿ ತಡವಾಯಿತು. ಹೊಲಕ್ಕೆ ಟ್ರ್ಯಾಕ್ಟರ್ ಹೇಳಿ ಬಂದಿದ್ದ ಮಾಂತೇಶ ಅವಸರದಲ್ಲಿ ಉಣ್ಣಲು ಕೂತ. ತಾಟಿಗೆ ಬಿದ್ದ ರೊಟ್ಟಿಯ ಒಂದು ಮಗ್ಗುಲು ಹೊತ್ತಿತ್ತು. ಅವನು ತಾಟನ್ನು ಕೈಯಿಂದ ತಳ್ಳಿಬಿಟ್ಟ. ಅದು ಜಾರಿ ಹೋಗಿ ಒಲೆಯ ಮುಂದೆ ಕೂತ ಅನ್ನಪೂರ್ಣಾಳ ಮೊಣಕೈಗೆ ಬಡಿಯಿತು, ಝುಣಕ ನೆಲದ ತುಂಬ ಚೆಲ್ಲಿತು. ಮಾಂತೇಶನಿಗೂ ತಾನು ಮಾಡಿದ್ದು ಹೆಚ್ಚಾಯಿತು ಅನಿಸಿತೋ ಏನೋ, ಅದನ್ನು ನಗೆಗೆ ತಿರುಗಿಸಲು ನೋಡಿದ.

"ಈಗ ಕೇಳ ಮತ್ತ, ಕೈ ನೊಂದಿತೇನ್ರೀ ಅಂತ" ಎಂದ.

ಅಂದು ನಕ್ಕ. ಆ ಮಾತಿಗೆ ನಗುವುದು ಊರಿಗೆಲ್ಲ ರೂಢಿ. ಸಾವಂತ್ರೆವ್ವನೂ ನಕ್ಕಳು. ಅನ್ನಪೂರ್ಣಾ ನಗಲಿಲ್ಲ. ಅರಿವೆ ತಂದು ನೆಲ ಒರೆಸಿ, ಹೊಸ ರೊಟ್ಟಿ ತಟ್ಟಿ, ಅವನ ತಾಟಿಗೆ ಹಾಕಿ ಹೊರಗೆ ಹೋದಳು.

ಅದೇ ಮಧ್ಯಾಹ್ನ ನಾಟಕ ಆ ಸೀನಿಗೆ ಬಂತು. ಬಾರಕೋಲಿನ ಹೊಡೆತದವರೆಗೆ ಅನ್ನಪೂರ್ಣಾ ಬರೆದಳು. ಶಿದ್ಲಿಂಗಪ್ಪ ಗಂಟಲು ಸಣ್ಣ ಮಾಡಿಕೊಂಡು ಮುಂದಿನ ಮಾತು ಹೇಳಿದ. ಪೆನ್ನು ಅಲ್ಲಾಡಲಿಲ್ಲ. ಅವನು ಕಣ್ಣು ತೆರೆದು ನೋಡಿದ.

"ಬರಕೊಂಡಿ?"

"ಇದನ್ನ ನಾ ಬರಿಯಂಗಿಲ್ರಿ ಮಾವಾರ. ಮುಂದಿಂದ ಹೇಳ್ರಿ, ಬರಕೋತೀನಿ."

ಯಾಕೆಂದು ಅವನು ಕೇಳಿದ. ಹೊಡೆಸಿಕೊಂಡವಳು ಹೊಡೆದವನ ಕೈ ನೋವು ಕೇಳುವುದು ತನಗೆ ಬರೆಯಲು ಆಗುವುದಿಲ್ಲ ಎಂದಳು. ನಾಟಕದ ಜೀವವೇ ಆ ಮಾತಿನಲ್ಲಿದೆ, ಮುಂದಿನದೆಲ್ಲ ಬರೀ ಮಂಗಳಾರತಿ ಎಂದು ಅವನು ರೇಗಿದ. ಅವಳು ದನಿ ಏರಿಸಲಿಲ್ಲ.

"ಕಾಲೇಜಿನ್ಯಾಗ ಓದಿದ ಕತಿಯೊಳಗೂ ಹಿಂಗ ಇತ್ತು. ಅತ್ತಿ ನೋಡೂ ಸೀರಿಯಲ್ಲಿನ್ಯಾಗೂ ಹಿಂಗ. ಈಗ ನಮ್ಮ ಮನಿ ನಾಟಕದಾಗೂ ಹಿಂಗ. ಯಾವಾಗ ನೋಡಿದ್ರೂ ಕಾಲ ಹಿಡಿಯಾಕಿ ಆಕಿನ. ಕಡೀಕ ಅದು ನಮ್ಮ ಒಲಿ ಮುಂದ ಬಂದ ಕುಂದರತೈತಿ."

ಶಿದ್ಲಿಂಗಪ್ಪ ಎದ್ದು ಕುರಿಹಟ್ಟಿಗೆ ಹೋದ. ಅವತ್ತಿನಿಂದ ಸೊಸೆ ಮಾಡಿದ್ದನ್ನು ಉಣ್ಣುವುದಿಲ್ಲ ಎಂದ. ಅವನ ಹಟದ ಭಾರ ಬಿದ್ದದ್ದು ಸಾವಂತ್ರೆವ್ವನ ಮೊಣಕಾಲ ಮೇಲೆ. ಅನ್ನಪೂರ್ಣಾ ಎಲ್ಲರಿಗೂ ರೊಟ್ಟಿ ಮಾಡಿ ಎದ್ದ ಮೇಲೆ ಇವಳು ಕುಕ್ಕರಗಾಲಲ್ಲಿ ಕೂತು ಗಂಡನೊಬ್ಬನಿಗೆ ಎರಡು ರೊಟ್ಟಿ ಬೇರೆ ತಟ್ಟಬೇಕಾಯಿತು. ಮಾಂತೇಶ ಹೆಂಡತಿಯ ಮೇಲೆ ಕೂಗಾಡಿದ. ಊರ ಮುಂದೆ ಅಪ್ಪನ ಮಾನ ತೆಗೆಯುತ್ತೀಯಾ ಎಂದ. ನೀವು ತಾಟು ಬೀಸಿ ಒಗೆದದ್ದಕ್ಕೆ ಮೊದಲು ಮಾತಾಡಿ ಎಂದು ಅವಳು ಅಂದಳು. ತಾಟು ಒಗೆಯಲಿಲ್ಲ, ದೂಡಿದೆ ಎಂದು ಅವನು ವಾದಿಸಿದ. ಒಗೆದದ್ದೋ ದೂಡಿದ್ದೋ ಎಂಬುದರ ಮೇಲೆಯೇ ಎರಡು ದಿನ ಜಗಳ ನಡೆಯಿತು. ಬಿಟ್ಟುಹೋದ ಸೀನನ್ನು ಬೀರೇಶ ಬಂದು ಅಜ್ಜನ ಬಾಯಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದ.

ಸಾವಂತ್ರೆವ್ವ ಸೊಸೆಗೆ ಬುದ್ಧಿ ಹೇಳಬೇಕೆಂದುಕೊಂಡಳು. ಒಂದು ದಿನ ಹಿತ್ತಲಲ್ಲಿ ಇಬ್ಬರೂ ಅರಿವೆ ಒಗೆಯುವಾಗ ಮಾತು ತೆಗೆದಳು. ಅದೇನು ಕಟ್ಟಿದ ಕತೆಯಲ್ಲ, ತನ್ನ ಬಾಳಿನಲ್ಲಿಯೇ ನಡೆದದ್ದು ಎಂದಳು. ತಾನು ಪಾದ ಹಿಡಿದದ್ದರಿಂದಲೇ ಮನೆ ಉಳಿಯಿತು, ಅವನು ಮತ್ತೆಂದೂ ಕೈ ಎತ್ತಲಿಲ್ಲ ಎಂದಳು.

"ಈಗೂ ಕಣ್ಣಿಗೆ ಕಟ್ಟಿದಂಗ ಐತಿ ನನಗ. ಹಸರ ಇಳಕಲ್ ಸೀರಿ. ಸೆರಗ ಮಣ್ಣಾಗ ಬಿದ್ದೈತಿ. ಬೆನ್ನ ಬಾಗೇತಿ, ಬೆನ್ನ ಮ್ಯಾಲ ಜಡಿ ಇಳಬಿದ್ದೈತಿ."

"ಯಾರ ಬೆನ್ರಿ ಅತ್ತಿ?"

"ನಂದ."

ಅನ್ನಪೂರ್ಣಾ ಹಿಂಡುತ್ತಿದ್ದ ಧೋತರ ಬಿಟ್ಟು ಅತ್ತೆಯ ಕಡೆ ನೋಡಿದಳು. "ನಿಮ್ಮ ಬೆನ್ನ ನಿಮಗ ಹೆಂಗ ಕಂಡೀತ್ರಿ?" ಎಂದಳು.

ಅವಳು ಅದನ್ನು ಚುಚ್ಚಲು ಕೇಳಲಿಲ್ಲ. ತಿಳಿಯದೆ ಕೇಳಿದಂತಿತ್ತು. ಸಾವಂತ್ರೆವ್ವ ಎದ್ದಳು. ಅರಿವೆ ಹಾಗೇ ಬಿಟ್ಟು ಒಳಗೆ ಹೋಗಿ ಟ್ರಂಕಿನ ತಳದಿಂದ ಆ ಹಸಿರು ಸೀರೆ ತೆಗೆದಳು. ಮಡಿಕೆಗುಂಟ ಹರಿದಿತ್ತು, ಸೆರಗಿನ ಅಂಚಿಗೆ ನಾಟಕದ ಮುಖಬಣ್ಣದ ಕೆಂಪು ಇನ್ನೂ ಹತ್ತಿತ್ತು. ಈ ಸೀರೆಯನ್ನು ಊರವರು ಹುಬ್ಬಳ್ಳಿಗೆ ಹೋಗಿ ತಂದದ್ದು ನಾಟಕಕ್ಕೆಂದು. ಆಟವೆಲ್ಲ ಮುಗಿದ ಮೇಲೆ ಅದು ಇವಳ ಪಾಲಿಗೆ ಬಂತು. ಹೊಡೆತ ಬಿದ್ದ ವರ್ಷ ಅವಳ ಹತ್ತಿರ ಹಸಿರು ಇಳಕಲ್ ಇರಲೇ ಇಲ್ಲ. ಹಾಗಾದರೆ ಅವಳ ಕಣ್ಣಿಗೆ ಕಟ್ಟಿದ್ದ ಬೆನ್ನು ಅವಳದಲ್ಲ, ರಂಗದ ಮೇಲೆ ಬಾಗಿದ್ದ ಗಂಡನದು. ಅವಳು ನೋಡಿದ್ದು ಹೆಂಗಸರ ಸಾಲಿನಲ್ಲಿ, ಚಾಪೆಯ ಮೇಲೆ ಕೂತು.

ಮತ್ತೆ ತಾನೇನು ಮಾಡಿದೆ ಅವತ್ತು? ಬಾರಕೋಲಿನ ಸಪ್ಪಳ ನೆನಪಿತ್ತು. ಎಡಗೈ ಅಡ್ಡ ಹಿಡಿದದ್ದು ನೆನಪಿತ್ತು. ಅಲ್ಲಿಂದ ಮುಂದೆ ಹಸಿರು ಸೀರೆ ಬಂದುಬಿಡುತ್ತಿತ್ತು.

ಆಮೇಲೆ ಅವಳಿಗೆ ಕೆಲಸದ ಮೇಲಿನ ಲಕ್ಷ್ಯ ತಪ್ಪಿತು. ಒಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಹಾಲು ಒಲೆಯ ಮೇಲಿಟ್ಟು ಮರೆತಳು. ಅವಳಿಗೆ ಪ್ರಿಯವಾದ ಸೀರಿಯಲ್ಲಿನಲ್ಲಿ ಸೊಸೆಯೊಬ್ಬಳು ಅತ್ತೆಯ ಕಾಲು ಹಿಡಿದು ಅಳುತ್ತಿದ್ದಾಗ, ಇದು ಖರೇನೋ ಸುಳ್ಳೋ ಎಂದು ಮೊಟ್ಟಮೊದಲ ಬಾರಿಗೆ ಅನಿಸಿ ಎದ್ದುಹೋದಳು. ಓಣಿಯ ಹಳೆಯ ಹೆಂಗಸರನ್ನು ವಿಚಾರಿಸಿದಳು. ಅವರೆಲ್ಲ ಅವಳ ಕತೆಯನ್ನು ಅವಳಿಗೇ ಹೇಳಿದರು, ಅಗದಿ ನಾಟಕದಲ್ಲಿ ಇದ್ದಂತೆ, ನಾಟಕದ ಮಾತಿನಲ್ಲಿಯೇ. ಗಂಡನನ್ನು ಕೇಳಿದರೆ, "ಈಗ್ಯಾಕ ಅದೆಲ್ಲಾ, ಮುಗದ್ಹೋದ ಮಾತ" ಎಂದು ಕಂಬಳಿ ಕೊಡವಿ ಹೊರಟ.

ಕಡೆಗೆ ಒಂದು ಮುಂಜಾನೆ ಅವಳು ಆಧಾರ್ ಕಾರ್ಡು ಸೆರಗಿನ ತುದಿಗೆ ಕಟ್ಟಿಕೊಂಡು ಗುಡಗೇರಿಗೆ ಹೊರಟಳು. ಅದು ಅವಳ ತವರು. ಅಣ್ಣ ತೀರಿಹೋಗಿದ್ದ, ಅಣ್ಣನ ಹೆಂಡತಿ ಅನ್ನವ್ವ ಇದ್ದಳು. ಯಾಕೆ ಹೋಗುತ್ತೀ ಎಂದು ಶಿದ್ಲಿಂಗಪ್ಪ ಕೇಳಿದ. ವೈನಿಯನ್ನು ಮಾತಾಡಿಸಿ ಬರುತ್ತೇನೆ ಎಂದಳು. ಉಣ್ಣುವುದೇನು ಎಂದು ಅವನು ಕೇಳಿದ್ದಕ್ಕೆ, ಸೊಸೆಯ ರೊಟ್ಟಿ ಬೇಡವಾದರೆ ಚುರುಮುರಿ ಇದೆ ಎಂದಳು. ಹಾಗೆ ಅನ್ನಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಕುಂದಗೋಳದಲ್ಲಿ ಬಸ್ಸು ಬದಲಿಸುವಾಗಲೂ ಅದೇ ಮಾತು ತಲೆಯಲ್ಲಿತ್ತು.

ಅನ್ನವ್ವ ಅಂಗಳದಲ್ಲಿ ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಕಣ್ಣು ಮಂಜು, ದನಿ ಮಾತ್ರ ಗಟ್ಟಿ. ಸಾವಂತ್ರೆವ್ವನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಕೂತಳು. ಘಾಟಿಗೆ ಇಬ್ಬರೂ ಸೀನಿದರು. ನಡುವೆ ಅವಳು ಕೇಳಿದಳು, ವೈನಿ, ಅವರು ನನ್ನನ್ನು ಹೊಡೆದ ವರ್ಷ ಏನಾಯಿತು ನಿನಗೆ ನೆನಪಿದೆಯೇ ಎಂದು.

ಅನ್ನವ್ವನಿಗೆ ನೆನಪಿತ್ತು. ಮುಂಗಾರಿ ಬಿತ್ತನೆ ನಡೆದಾಗ ಸಾವಂತ್ರೆವ್ವ ಒಬ್ಬಳೇ ನಡೆದುಕೊಂಡು ಬಂದಿದ್ದಳಂತೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಎಡಗೈ ಬಾತು ಬದನೆಕಾಯಿಯ ಹಾಗಾಗಿತ್ತು. ಬಂದವಳು ತಿರುಗಿ ಹೋಗಲು ಒಪ್ಪಲಿಲ್ಲ. ಶಿದ್ಲಿಂಗಪ್ಪ ಕರೆಯಲು ಬಂದ, ಅಣ್ಣ ಹೊಸ್ತಿಲ ಹೊರಗಿಂದಲೇ ಕಳಿಸಿದ. ಇನ್ನೊಮ್ಮೆ ಹಿರಿಯರನ್ನು ಕರೆದುಕೊಂಡು ಬಂದ, ಆಗಲೂ ಇವಳು ಒಳಗಿನಿಂದ ಬರಲಿಲ್ಲ. ನಾಲ್ಕು ತಿಂಗಳ ಮೇಲೆ, ಸೀಗಿ ಹುಣ್ಣಿಮೆಯ ಹೊತ್ತಿಗೆ ಮತ್ತೆ ಬಂದ, ಒಬ್ಬನೇ.

"ನಾ ಅವರ ಪಾದ ಹಿಡೀಲಿಲ್ಲೇನ ವೈನಿ?"

"ಪಾದ? ನೀ ಅವನ ಮಾರೀನೂ ನೋಡ್ಲಿಲ್ಲ. ಅವನ ನಿನ್ನ ಮುಂದ ಬಂದ ಕುಂತ. ನಿನ್ನ ಕಿರಿಬೆರಳ ಸೊಟ್ಟ ಆಗಿತ್ತಲ್ಲ, ಅದನ್ನ ಹಿಡದ, ಕೈ ಇನ್ನೂ ನೋಯತೈತೇನ ಅಂತ ಕೇಳಿದ. ಕೇಳಿ ಅತ್ತ. ಗಂಡಸ ಅತ್ತಿದ್ದ ನಾ ಅವತ್ತ ಮೊದಲ ನೋಡಿದ್ದು."

"ನಾ ಏನಂದೆ?"

"ಏನೂ ಅನ್ನಲಿಲ್ಲ. ಎದ್ದ ಒಳಗ ಹೋಗಿ ರೊಟ್ಟಿ ಬಡಿಯಾಕ ಕುಂತಿ. ಮರುದಿನ ಅವನ ಸಂಗಾಟ ಹ್ವಾದಿ."

ಆ ನಾಟಕವನ್ನು ಶಿದ್ಲಿಂಗಪ್ಪ ಎಲ್ಲೆಲ್ಲಿಯೋ ಆಡಿದ, ಗುಡಗೇರಿಗೆ ಮಾತ್ರ ತರಲಿಲ್ಲ, ಹೇಗೆ ತಂದಾನು ಎಂದು ಅನ್ನವ್ವ ಸೇರಿಸಿದಳು. ಸಾವಂತ್ರೆವ್ವ ತನ್ನ ಎಡಗೈಯ ಕಿರಿಬೆರಳನ್ನು ನೋಡಿದಳು. ಸೊಟ್ಟಗಿತ್ತು, ಅದು ಯಾವತ್ತೂ ಸೊಟ್ಟಗೇ ಇತ್ತು. ಆದರೆ ಅನ್ನವ್ವ ಹೇಳಿದ್ದರಲ್ಲಿ ಒಂದೂ ಅವಳ ನೆನಪಿಗೆ ಬರಲಿಲ್ಲ. ಯಾರದೋ ಕತೆ ಕೇಳಿದಂತಿತ್ತು. ಮೇಲಾಗಿ ಹೊರಡುವಾಗ ಮುದುಕಿ ಅವಳ ಗದ್ದ ಹಿಡಿದು, "ಮೈಲಾರವ್ವ, ಹುಷಾರಲೇ ಹೋಗ" ಎಂದಳು. ಮೈಲಾರವ್ವ ಸಾವಂತ್ರೆವ್ವನ ಅಕ್ಕ, ಸತ್ತು ಹತ್ತು ವರ್ಷದ ಮೇಲಾಗಿತ್ತು. ನಡೆದುಕೊಂಡು ಬಂದವಳು ತಾನೋ, ಅಕ್ಕನೋ, ಈ ಮುದುಕಿಗೆ ಕಲಸಿಹೋಗಿದೆಯೋ ಎಂದು ಬಸ್ಸಿನ ತುಂಬ ಅದೇ ಯೋಚನೆಯಾಯಿತು.

ಮನೆಗೆ ಬಂದವಳು ನೇರ ಕುರಿಹಟ್ಟಿಗೆ ಹೋದಳು. ಶಿದ್ಲಿಂಗಪ್ಪ ಮರಿಗಳಿಗೆ ಬೇವಿನ ತೊಪ್ಪಲು ಕಟ್ಟುತ್ತಿದ್ದ.

"ಗುಡಗೇರಿಗೆ ಬಂದ ನನ್ನ ಏನ ಕೇಳಿದ್ರಿ ನೀವು?"

ಅವನು ಹಗ್ಗದ ಗಂಟು ಬಿಗಿದ. ಆಮೇಲೆ ಅವಳ ಎಡಗೈಯ ಕಡೆ ನೋಡಿದ. ಅನ್ನವ್ವ ಹೇಳಿದ್ದು ಖರೆ ಎಂದು ಆ ನೋಟದಿಂದಲೇ ಸಾವಂತ್ರೆವ್ವನಿಗೆ ತಿಳಿಯಿತು.

"ಗಂಡಸಿನ ಬಾಯಾಗ ಆ ಮಾತ ಇಟ್ಟಿದ್ರ ಮಂದಿ ನಗತಿದ್ರು" ಎಂದ.

"ಅದಕ್ಕ ನನ್ನ ಬಾಯಾಗ ಇಟ್ರಿ."

"ನಿನ್ನ ಬಾಯಾಗ ಅಲ್ಲ. ಗೌರವ್ವನ ಬಾಯಾಗ. ಗೌರವ್ವ ನಾನ ಆಗಿದ್ದೆ."

ಅವನು ಅದನ್ನು ಸುಳ್ಳು ಮುಚ್ಚಲು ಅಂದಂತೆ ಕಾಣಲಿಲ್ಲ. ನಲವತ್ತು ವರ್ಷ ಅವನು ಹಾಗೆಯೇ ನಂಬಿದ್ದನೇನೋ. ಸಾವಂತ್ರೆವ್ವ ಸಿಟ್ಟಾಗಬೇಕೆಂದು ಬಂದಿದ್ದಳು. ಸೀರೆ ಉಟ್ಟು, ಊರೂರು ತಿರುಗಿ, ಸಾವಿರ ಮಂದಿಯ ಮುಂದೆ ಅವನು ಅತ್ತದ್ದು ತನ್ನ ಸಲುವಾಗಿಯೇ ಇರಬಹುದೇ ಎಂದು ಒಂದು ಮನಸ್ಸು. ಹಾಗಿದ್ದರೆ ಕಾಲು ಹಿಡಿದವಳೆಂಬ ಹೆಸರು ತನಗ್ಯಾಕೆ ಬರಬೇಕಿತ್ತು ಎಂದು ಇನ್ನೊಂದು. ಯಾವುದನ್ನು ಹಿಡಿಯಬೇಕೆಂದು ತಿಳಿಯದೆ, ಬಿದ್ದಿದ್ದ ತೊಪ್ಪಲು ಎತ್ತಿ ಅವನ ಕೈಗೆ ಕೊಟ್ಟು ಒಳಗೆ ಬಂದಳು.

ಬಂದವಳು ಎಲ್ಲವನ್ನೂ ಸೊಸೆಗೆ ಹೇಳಿದಳು. ಅನ್ನಪೂರ್ಣಾ ಕೇಳಿ ಎರಡು ದಿನದಲ್ಲಿ ಆ ಸೀನನ್ನು ಬೇರೆ ಬರೆದಳು. ಅದರಲ್ಲಿ ಗೌರವ್ವ ಹೊಡೆಸಿಕೊಂಡು ತವರಿಗೆ ಹೋಗುತ್ತಾಳೆ. ವೀರನಗೌಡ ಹಿಂದೆ ಬಂದು ಅವಳ ಕೈ ಹಿಡಿದು, ನಿನ್ನ ಕೈ ನೊಂದಿತೇನು ಎಂದು ಕೇಳುತ್ತಾನೆ. ಮಾಂತೇಶ ಕೇಳಿದವನೇ ಆಗುವುದಿಲ್ಲ ಎಂದ. ಗೌಡನ ಪಾತ್ರ ಮಾಡುವವನು ಕಟ್ಟಿಕೊಂಡವಳ ಮುಂದೆ ಕುಕ್ಕರಿಸಿ ಕೂತು ಹಾಗೆ ಕೇಳಿದರೆ ಊರು ನಗುತ್ತದೆ ಎಂದ. ಅಪ್ಪ ಅಂದ ಮಾತೇ ಮಗನ ಬಾಯಿಂದಲೂ ಬಂತು, ಅಪ್ಪ ಅಂದದ್ದು ಅವನಿಗೆ ಗೊತ್ತಿರಲಿಲ್ಲ. ಆದರೆ ಬೀರೇಶನಿಗೆ ಹೊಸ ಸೀನು ಹಿಡಿಸಿತು. ಅವನಿಗೆ ಹೆಣ್ಣು ಗಂಡಿನ ನ್ಯಾಯ ಬೇಕಿರಲಿಲ್ಲ. ಹಳೆಯ ಆಟ ಎಲ್ಲರಿಗೂ ಗೊತ್ತು, ಮಂದಿ ಈಗ ಸೀರಿಯಲ್ಲು ನೋಡಿ ನೋಡಿ ಟ್ವಿಸ್ಟ್ ಕೇಳುತ್ತಾರೆ ಎಂಬುದು ಅವನ ಲೆಕ್ಕ.

ಹುಣ್ಣಿಮೆಗೆ ನಾಲ್ಕು ದಿನ ಮೊದಲು ಸುವರ್ಣಾ ತಾಲೀಮಿಗೆ ಬಂದಳು. ನಲವತ್ತರ ಹೆಂಗಸು, ಬಂದವಳೇ ಕಾಲು ತೊಳೆದು, ಅನ್ನಪೂರ್ಣಾ ಬಡಿಸಿದ ರೊಟ್ಟಿ ಬದನೆಕಾಯಿ ಪಲ್ಯ ಉಂಡು, ಪಲ್ಯ ಛಲೋ ಆಗೇತಿ ಎಂದಳು. ಯಾವ ಸೀನು ಇಡೋಣ ಎಂದು ಬೀರೇಶ ಅವಳನ್ನೇ ಕೇಳಿದ. "ನನಗ ಎರಡೂ ಬರತಾವ್ರಿ. ಎಲ್ಲೆ ಅಳಬೇಕು ಅಷ್ಟ ಹೇಳ್ರಿ" ಎಂದಳು. ಹೊಸ ಸೀನಿನಲ್ಲಿ ತನಗೆ ಅಳುವುದೇ ಇಲ್ಲ ಎಂದು ತಿಳಿದಾಗ ಅವಳು ಸ್ವಲ್ಪ ಗಲಿಬಿಲಿಯಾದಳು. ಅವನು ಕೇಳುವಾಗ ತಾನು ಏನು ಮಾಡುತ್ತ ನಿಲ್ಲಬೇಕು ಎಂದು ಎರಡು ಸಲ ಕೇಳಿದಳು. ಅದು ಯಾರಿಗೂ ಗೊತ್ತಿರಲಿಲ್ಲ, ಬರೆದ ಅನ್ನಪೂರ್ಣಾಳಿಗೂ.

ಮನೆಯ ಅಂಗಳದಲ್ಲಿ ಮಾಂತೇಶ ಮಾತು ಹೇಳಲು ನಿಂತ. ಒಮ್ಮೆ ನಕ್ಕ, ಒಮ್ಮೆ ಕೆಮ್ಮಿದ. ಕಟ್ಟೆಯ ಮೇಲೆ ಕೂತಿದ್ದ ಶಿದ್ಲಿಂಗಪ್ಪ ತಾಳದೆ, ಆಚೆ ಸರಿ ಲೇ, ತೋರಸ್ತೀನಿ ಎಂದು ಎದ್ದು ಬಂದ. ಸುವರ್ಣಾಳ ಮುಂದೆ ಕೂತು ಅವಳ ಕೈ ಹಿಡಿದ. ಬಾಯಿ ತೆರೆದರೆ ಬಂದದ್ದು ಗೌರವ್ವನ ಸಣ್ಣ ದನಿ. ಹುಡುಗರು ಗೊಳ್ಳೆಂದರು. ಅವನು ಗಂಟಲು ಸರಿ ಮಾಡಿಕೊಂಡು ಮತ್ತೆ ನೋಡಿದ. ಈ ಸಲ ಯಾವ ದನಿಯೂ ಬರಲಿಲ್ಲ. ಹಾಗೇ ಕೂತಿದ್ದ, ಪೊದೆ ಮೀಸೆಯ ಕೆಳಗೆ ತುಟಿ ಅಲ್ಲಾಡುತ್ತಿತ್ತು. ಹುಡುಗರ ನಗೆ ನಿಂತಿತು. ಸಾವಂತ್ರೆವ್ವ ಬಾಗಿಲಲ್ಲಿ ನಿಂತಿದ್ದಳು, ಅವನು ಅವಳ ಕಡೆ ನೋಡಲಿಲ್ಲ. ಎದ್ದು ಕಂಬಳಿ ಎತ್ತಿಕೊಂಡು ಹೋದ. ಅವನ ಬೆನ್ನು ಮರೆಯಾಗುವವರೆಗೆ ಮಾಂತೇಶ ನೋಡುತ್ತ ನಿಂತಿದ್ದು, ಹೊಸ ಸೀನನ್ನೇ ಇಡೋಣ ಎಂದ. ಯಾಕೆ ಒಪ್ಪಿದನೆಂದು ಯಾರೂ ಕೇಳಲಿಲ್ಲ.

ಅಂದು ಶಿದ್ಲಿಂಗಪ್ಪ ಊಟಕ್ಕೆ ಕೂತಾಗ ಅನ್ನಪೂರ್ಣಾ ತಾನೇ ರೊಟ್ಟಿ ಹಾಕಿದಳು. ಅವನು ಉಂಡ.

ಹುಣ್ಣಿಮೆಯ ದಿನ ಆಟ ನಡೆಯಿತು. ಊರಿಗೆ ಊರೇ ಕೂಡಿತ್ತು. ಬಾರಕೋಲಿನ ಸೀನಿಗೆ ಮಂದಿ ಉಸಿರು ಹಿಡಿದು ಕೂತರು, ಎಲ್ಲರ ಬಾಯಲ್ಲಿಯೂ ಮುಂದಿನ ಮಾತು ಸಿದ್ಧವಿತ್ತು. ಗೌರವ್ವ ಅದನ್ನು ಹೇಳದೆ ಎದ್ದು ಹೋದಾಗ ಗುಸುಗುಸು ಎದ್ದಿತು. ಆಮೇಲೆ ಮಾಂತೇಶ ಗೌಡನ ರುಮಾಲು ಸುತ್ತಿಕೊಂಡು ಅವಳ ಮುಂದೆ ಕೂತು, ತಡವರಿಸದೆ, ತನ್ನ ದನಿಯಲ್ಲಿಯೇ ಕೇಳಿದ. ಗಂಡಸರ ಕಡೆಯಿಂದ ನಗೆ ಸಿಡಿಯಿತು. ಯಾರೋ ಸಿಳ್ಳೆ ಹಾಕಿದರು. ಹೆಂಗಸರ ಸಾಲಿನಲ್ಲಿ ಕೆಲವರು ಸುಮ್ಮನಿದ್ದರು, ಕೆಲವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಾವಂತ್ರೆವ್ವ ನಕ್ಕಳು. ತಡೆಯಲಾಗದಂತೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಜೂ ಕೂತ ಅನ್ನಪೂರ್ಣಾ ತನ್ನನ್ನೇ ನೋಡುತ್ತಿರುವುದು ಗೊತ್ತಿದ್ದರೂ ನಗೆ ನಿಲ್ಲಲಿಲ್ಲ.

ಮರುದಿನ ಮುಂಜಾನೆ ಮನೆ ಸಪ್ಪಗಿತ್ತು. ಊರೆಲ್ಲ ಬಣ್ಣದ ಗದ್ದಲದಲ್ಲಿದ್ದರೂ ಮಾಂತೇಶ ಹೊರಗೆ ಹೋಗಲಿಲ್ಲ. ಹೋದರೆ ಬಣ್ಣ ಹಚ್ಚುವವರೆಲ್ಲ ಕೈ ಹಿಡಿದು ಅದೇ ಮಾತು ಕೇಳುತ್ತಾರೆ ಎಂದು ಅವನಿಗೆ ಗೊತ್ತಿತ್ತು. ನಿನ್ನ ಮಾತು ಕೇಳಿ ನಗೆಪಾಟಲಾದೆ ಎಂದು ಹೆಂಡತಿಗೆ ಅಂದ. ಅವಳು ಜಗಳಕ್ಕೆ ಬರಲಿಲ್ಲ. "ಮಂದಿ ಅಳತಾರ ಅನಕೊಂಡಿದ್ದೆ" ಎಂದಷ್ಟೇ ಅಂದಳು. ಸ್ವಲ್ಪ ಹೊತ್ತಿನ ಮೇಲೆ, ನೀವು ಛಲೋ ಹೇಳಿದಿರಿ ಎಂದಳು. ಹೌದೇನು ಎಂದು ಅವನು ಕೇಳಿದ. ಹೌದು ಎಂದಳು. ಇಬ್ಬರೂ ಒಂದೇ ತಾಟಿನಿಂದ ಅವಲಕ್ಕಿ ತಿಂದರು. ಜಗಳ ಮುಗಿಯಿತೋ ಇಲ್ಲವೋ ನೋಡಿದವರಿಗೆ ಹೇಳಲು ಬರುತ್ತಿರಲಿಲ್ಲ.

ಸಾವಂತ್ರೆವ್ವ ಚಹಾ ತೆಗೆದುಕೊಂಡು ಕಟ್ಟೆಗೆ ಬಂದಳು. ಶಿದ್ಲಿಂಗಪ್ಪ ಕಪ್ಪು-ಬಸಿ ಇಸಿದುಕೊಂಡ. ಅವಳೂ ಕೂತಳು.

"ಮಂದಿ ನಕ್ಕರು" ಎಂದ.

"ಹೂಂ."

"ನೀನೂ ನಕ್ಕಿ. ನಾ ನೋಡಿದೆ."

"ನಕ್ಕೆ."

"ಯಾಕ?"

"ಗೊತ್ತಿಲ್ರಿ. ಅಳು ಬಂದಂಗ ಆಗಿತ್ತು, ಬಂದದ್ದ ನಗಿ."

ಅವನು ಚಹಾವನ್ನು ಬಸಿಗೆ ಸುರಿದು ಊದುತ್ತ ಕೂತ. ಓಣಿಯಲ್ಲಿ ಮಕ್ಕಳು ಬಣ್ಣದ ನೀರು ಚೆಲ್ಲುತ್ತ ಓಡಿಹೋದರು. ಸಾವಂತ್ರೆವ್ವ ಅವರು ದಾಟುವವರೆಗೆ ಕಾಯ್ದಳು.

"ಅವತ್ತ ನೀವು ಕೇಳಿದ್ದಕ್ಕ ನಾ ಏನೂ ಅನ್ನಲಿಲ್ಲಂತ. ವೈನಿ ಹೇಳಿದಳು. ನನಗಂತೂ ನೆನಪಿಲ್ಲ."

"ಅನ್ನಲಿಲ್ಲ. ಎದ್ದ ಒಳಗ ಹ್ವಾದಿ."

"ಈಗ ಹೇಳತೀನಿ. ನೋಯತಿತ್ತು. ಮುಂದನೂ ಭಾಳ ದಿನ ನೋಯತಿತ್ತು, ರೊಟ್ಟಿ ಬಡಿಯುವಾಗ."

ಮುದುಕ ಬಸಿ ಕೆಳಗಿಟ್ಟ. "ಗೊತ್ತಿತ್ತು ನನಗ" ಎಂದ.

"ಗೊತ್ತಿದ್ರ ಮತ್ತ ನಾಟಕದಾಗ ಹೊಡದಾಂವನ ಕೈ ಯಾಕ ನೋಯಿಸಿದ್ರಿ?"

ಅವನು ಅವಳ ಮುಖ ನೋಡಿದ. ಒಳಗಿನಿಂದ ಅನ್ನಪೂರ್ಣಾ ಹಿಟ್ಟು ನಾದಿಡಲೇ ಎಂದು ಕೂಗಿ ಕೇಳಿದಳು. ನೀನೇ ಮಾಡು, ನಾನು ಈಗ ಬರುವುದಿಲ್ಲ ಎಂದು ಸಾವಂತ್ರೆವ್ವ ಕೂತಲ್ಲಿಂದಲೇ ಹೇಳಿ, ಗಂಡನ ಕಡೆ ತಿರುಗಿ, ಅವನು ಬಾಯಿ ತೆರೆಯುವುದನ್ನು ಕಾಯುತ್ತ ಕೂತಳು.